ಕಿರುಕುಳದ ತಕರಾರಿನಲ್ಲಿ ಕಂಪನಿಯಿಂದ ಕಾಗದ ಕೇಳಿ ಪಡೆಯುವ ದಾರಿ

ಕೆಲಸದ ಜಾಗದಲ್ಲಿ ಕಿರುಕುಳ ಆಗುತ್ತಿದೆ ಎಂದು ಜನ ಬರೆಯುವ ಪತ್ರಗಳನ್ನು ನಾನು ಮೊದಲು ಕಂಪನಿ ಕಡೆ ಕೂತು ಓದುತ್ತಿದ್ದೆ. ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕಡತ ನೋಡಿಕೊಂಡವಳು ನಾನು. ಈಗ ಕಾರ್ಮಿಕ ಪ್ರಕರಣ ನಡೆಸುವ ವಕೀಲರೊಬ್ಬರ ಕಚೇರಿಯಲ್ಲಿ ದಾಖಲೆ ಜೋಡಿಸುತ್ತೇನೆ. ಈಗ ಅದೇ ಪತ್ರಗಳನ್ನು ನೌಕರರ ಕಡೆ ಕೂತು ಓದುತ್ತೇನೆ. ಅಲ್ಲಿ ಕಂಡದ್ದೂ ಇಲ್ಲಿ ಕಾಣುತ್ತಿರುವುದೂ ಒಂದೇ. ನ್ಯಾಯ ಕೇಳುವ ಪತ್ರ ಬೇರೆ, ಕಾಗದ ಕೇಳುವ ಪತ್ರ ಬೇರೆ. ಎರಡನ್ನೂ ಒಂದರಲ್ಲೇ ಬರೆದರೆ ಕಾಗದ ಸಿಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ನಮ್ಮ ವಿಭಾಗಕ್ಕೆ ನಾಲ್ಕು ಪುಟದ ಪತ್ರಗಳು ಬರುತ್ತಿದ್ದವು. ಮ್ಯಾನೇಜರ್ ಎಲ್ಲರೆದುರು ಬೈದದ್ದು, ರಜೆ ಕೊಡದೆ ಸತಾಯಿಸಿದ್ದು, ಮೀಟಿಂಗಿಗೆ ಕರೆಯದೆ ಬಿಟ್ಟದ್ದು, ಎಲ್ಲ ಅದರಲ್ಲಿ ಇರುತ್ತಿತ್ತು. ಕೊನೆಯ ಸಾಲಿನಲ್ಲಿ 'ನನಗೆ ಸಂಬಂಧಪಟ್ಟ ಎಲ್ಲ ದಾಖಲೆಗಳನ್ನು ಕೊಡಬೇಕು' ಎಂದಿರುತ್ತಿತ್ತು. ಅದಕ್ಕೆ ಮೇಲಿನವರು ಬರೆಸುತ್ತಿದ್ದ ಉತ್ತರ ಒಂದೇ: 'ನಿಮ್ಮ ದೂರು ಪರಿಶೀಲನೆಯಲ್ಲಿದೆ.' ಕಾಗದದ ಮಾತೇ ಇಲ್ಲ. ಅದೇ ಒಬ್ಬರು ಅರ್ಧ ಪುಟದಲ್ಲಿ 'ಮಾರ್ಚ್ 12ರ ಮೆಮೊ, ಅದಕ್ಕೆ ನಾನು ಕೊಟ್ಟ ಉತ್ತರ, ಆ ಉತ್ತರದ ಮೇಲೆ ಬರೆದಿರುವ ಷರಾ, ಈ ಮೂರರ ನಕಲು ಕೊಡಿ' ಎಂದು ಬರೆದರೆ ಆ ಪತ್ರ ಮೇಜಿನ ಮೇಲೆ ಸುಮ್ಮನೆ ಉಳಿಯುತ್ತಿರಲಿಲ್ಲ. ಕೊಡುತ್ತೇವೆ ಅಥವಾ ಕೊಡುವುದಿಲ್ಲ ಎಂದು ಯಾರಾದರೂ ಸಹಿ ಹಾಕಿ ಹೇಳಲೇಬೇಕಾಗುತ್ತಿತ್ತು. ಕೊಡುವುದಿಲ್ಲ ಅಂದರೂ ಆ ಸಹಿ ನಿಮಗೆ ಮುಂದೆ ಕೆಲಸಕ್ಕೆ ಬರುತ್ತದೆ. ಹೇಗೆ ಅಂತ ಆಮೇಲೆ ಬರೆಯುತ್ತೇನೆ.

ನಮ್ಮ ದೇಶದಲ್ಲಿ ಕೆಲಸದ ಜಾಗದ ಎಲ್ಲ ಬಗೆಯ ಕಿರುಕುಳಕ್ಕೂ ಅನ್ವಯಿಸುವ ಒಂದೇ ಕಾಯ್ದೆ ಇಲ್ಲ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಜಾತಿ ಹಿಡಿದು ಅವಮಾನ ಮಾಡಿದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ. ಬೈಗುಳ, ಮೂಲೆಗುಂಪು ಮಾಡುವುದು, ಬೇಕಂತಲೇ ಕಡಿಮೆ ಅಂಕ ಕೊಡುವುದು, ಇವೆಲ್ಲ ಸಾಮಾನ್ಯವಾಗಿ ಸೇವಾ ನಿಯಮ, ಕಾರ್ಮಿಕ ಕಾನೂನು, ಒಪ್ಪಂದ, ಇವುಗಳ ಅಡಿಯಲ್ಲೇ ತೀರ್ಮಾನ ಆಗಬೇಕು. ಹಾಗಾಗಿ ಕಾಗದ ಪಡೆಯುವ ದಾರಿಯೂ ನಿಮ್ಮ ಮಾಲೀಕರು ಯಾರು, ತಕರಾರು ಯಾವ ಹಂತದಲ್ಲಿದೆ ಅನ್ನುವುದರ ಮೇಲೆ ಬೇರೆಯಾಗುತ್ತದೆ. ಅಂತರ್ಜಾಲದಲ್ಲಿ ಓದಿ ಕೆಲವರು 'ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲ ಡೇಟಾ ಒಂದು ತಿಂಗಳಲ್ಲಿ ಕೊಡಿ' ಎಂದು ಬರೆಯುತ್ತಾರೆ. ಅದು ಯುರೋಪಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಕೊಡುವ ಹಕ್ಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿರುವ ಕಾಯ್ದೆ, ಅದರಲ್ಲಿ ಮಾಲೀಕರಿಗೆ ಸಡಿಲಿಕೆಗಳೂ ಇವೆ. ಅದೊಂದನ್ನೇ ನಂಬಿ ಕೂರಬೇಡಿ.

ಯಾವ ಕಾಗದ ಎಲ್ಲಿರುತ್ತದೆ

ಹೆಸರು ಹೇಳಿ ಕೇಳಬೇಕಾದರೆ ಅಂಥದ್ದೊಂದು ಕಾಗದ ಇದೆ ಅಂತ ಮೊದಲು ಗೊತ್ತಿರಬೇಕು, ಅಲ್ವಾ? ಹೆಚ್ಚಿನವರಿಗೆ ನೇಮಕಾತಿ ಪತ್ರ, ಪೇ ಸ್ಲಿಪ್, ಮೆಮೊ ಇಷ್ಟೇ ನೆನಪಾಗುತ್ತದೆ. ಕಂಪನಿಯೊಳಗೆ ಇನ್ನೂ ಬಹಳ ಇರುತ್ತದೆ.

ಮೊದಲನೆಯದು ಅಪ್ರೈಸಲ್. ಕೈಗೆ ಕೊಡುವ ಪ್ರಿಂಟಿನಲ್ಲಿ ಕೊನೆಯ ಅಂಕ ಮಾತ್ರ ಇರುತ್ತದೆ. ಆದರೆ ಕಂಪ್ಯೂಟರಿನಲ್ಲಿ ಯಾರು ಯಾವ ದಿನ ಏನು ಅಂಕ ಹಾಕಿದರು, ಯಾವಾಗ ತಿದ್ದಿದರು ಅನ್ನುವುದು ಸಾಮಾನ್ಯವಾಗಿ ದಾಖಲಾಗಿರುತ್ತದೆ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗನ ವಿಷಯದಲ್ಲಿ ಇದೇ ನಡೆಯಿತು. ಮ್ಯಾನೇಜರ್ ಮೇಲೆ ದೂರು ಕೊಟ್ಟ ಮೇಲೆ ಅವನ ಅಂಕ ಐದರಲ್ಲಿ ಎರಡಕ್ಕೆ ಇಳಿದಿತ್ತು. 'ನನ್ನ ಕೆಲಸ ಸರಿಯಿಲ್ಲ ಅಂತ ಮೊದಲಿಂದಲೂ ಹೇಳುತ್ತಿದ್ದರಂತೆ ಮೇಡಂ' ಅಂತ ಅಳುಮುಖ ಮಾಡಿಕೊಂಡು ಕೂತಿದ್ದ. ಅಪ್ರೈಸಲ್ ನಕಲು ಕೇಳುವ ಬದಲು 'ಅಂಕ ತಿದ್ದಿದ ದಿನಾಂಕ, ತಿದ್ದಿದವರ ಹುದ್ದೆ, ತಿದ್ದುವ ಮೊದಲಿನ ಅಂಕ ತೋರಿಸುವ ಪುಟ' ಎಂದು ಕೇಳಿಸಿದೆವು. ಬಹಳ ಓಡಾಟದ ನಂತರ ಬಂತು. ದೂರಿಗೆ ಮುಂಚೆ ನಾಲ್ಕು ಇತ್ತು, ದೂರು ಕೊಟ್ಟ ವಾರದಲ್ಲೇ ಎರಡಾಗಿತ್ತು. ಅವನ ಇಡೀ ಪ್ರಕರಣ ಆ ಒಂದು ಪುಟದ ಮೇಲೆ ನಿಂತಿತು.

ಎರಡನೆಯದು ಡ್ಯೂಟಿ ಚಾರ್ಟ್. ಕಿರುಕುಳ ಕೊಡುವವರ ಕೈಗೆ ಸುಲಭವಾಗಿ ಸಿಗುವ ಅಸ್ತ್ರ ಇದು. ಯಾರಿಗೆ ಎಷ್ಟು ರಾತ್ರಿ ಪಾಳಿ, ಯಾರಿಗೆ ವಾರದ ರಜೆ ತಪ್ಪಿದೆ, ಹಬ್ಬದ ದಿನ ಯಾರು ದುಡಿದರು ಎಲ್ಲ ಒಂದೇ ಹಾಳೆಯಲ್ಲಿ ಇರುತ್ತದೆ. ನಿಮ್ಮ ಒಬ್ಬರ ಪಾಳಿ ಮಾತ್ರ ಕೇಳಬೇಡಿ. ಇಡೀ ವಿಭಾಗದ ಚಾರ್ಟ್ ಕೇಳಿ. ಹೋಲಿಸಿ ನೋಡಿದರೆ ಮಾತ್ರ ತಾರತಮ್ಯ ಕಾಣುತ್ತದೆ.

ಇನ್ನುಳಿದವು: ಹಾಜರಾತಿ ಮತ್ತು ಗೇಟಿನ ಕಾರ್ಡ್ ದಾಖಲೆ, ರಜೆ ಅರ್ಜಿ ಮತ್ತು ಅದನ್ನು ತಿರಸ್ಕರಿಸಿದ ಟಿಪ್ಪಣಿ, ಮೀಟಿಂಗಿನ ನಡಾವಳಿ, ಸುಧಾರಣಾ ಯೋಜನೆ ಅಂದರೆ ಪಿಐಪಿ ಕಾಗದಗಳು, ನಿಮ್ಮ ಬಗ್ಗೆ ಮ್ಯಾನೇಜರ್ ಎಚ್‌ಆರ್‌ಗೆ ಬರೆದ ಇಮೇಲ್, ನಿಮ್ಮ ದೂರಿನ ಮೇಲೆ ನಡೆದ ತನಿಖೆಯ ವರದಿ, ಸಾಕ್ಷಿಗಳ ಹೇಳಿಕೆ, ವರ್ಗಾವಣೆ ಆದೇಶದ ಹಿಂದಿನ ಟಿಪ್ಪಣಿ ಹಾಳೆ, ಕಂಪನಿಯ ದೂರು ನಿವಾರಣಾ ನೀತಿ. ಈ ನೀತಿಯನ್ನು ಮರೆಯಬೇಡಿ. ದೂರು ಬಂದ ಇಷ್ಟು ದಿನದಲ್ಲಿ ಇಂಥವರು ವಿಚಾರಿಸುತ್ತಾರೆ ಅಂತ ಅದರಲ್ಲಿ ಕಂಪನಿಯೇ ಬರೆದುಕೊಂಡಿರುತ್ತದೆ. ಅದನ್ನು ಪಾಲಿಸಿಲ್ಲ ಅಂತ ತೋರಿಸುವುದು ಬೇರೆಲ್ಲಕ್ಕಿಂತ ಸುಲಭ.

ಸಿಸಿಟಿವಿ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಹಳೆಯದರ ಮೇಲೆ ಹೊಸದು ತಾನಾಗಿ ರೆಕಾರ್ಡ್ ಆಗುತ್ತಾ ಹೋಗುತ್ತದೆ, ಕೆಲವು ವಾರ ಕಳೆದರೆ ಹುಡುಕಿದರೂ ಇರುವುದಿಲ್ಲ. ಘಟನೆ ನಡೆದ ದಿನವೇ, ಹೆಚ್ಚೆಂದರೆ ಮರುದಿನ, 'ಇಂಥ ದಿನ, ಇಂಥ ಗಂಟೆಯಿಂದ ಇಂಥ ಗಂಟೆವರೆಗೆ, ಇಂಥ ಜಾಗದ ಕ್ಯಾಮೆರಾ ದೃಶ್ಯ ಅಳಿಸದೆ ಕಾಯ್ದಿಡಿ' ಎಂದು ಒಂದು ಇಮೇಲ್ ಹಾಕಿ. ಆಗ ನಕಲು ಕೇಳಬೇಕಿಲ್ಲ, ಕಾಯ್ದಿಡಲು ಹೇಳಿದರೆ ಸಾಕು. ಚಾಟ್ ಸಂದೇಶಗಳಿಗೂ ಇದೇ ಮಾತು.

ಕೈಯಲ್ಲಿ ಇರುವುದನ್ನು ಮೊದಲು ಜೋಡಿಸಿ

ಇಮೇಲ್ ಬಾಗಿಲು ಯಾವ ದಿನ ಮುಚ್ಚುತ್ತಾರೆ ಅಂತ ಹೇಳಲಾಗದು. ರಾಜೀನಾಮೆ ಕೊಟ್ಟ ದಿನವೇ ಲಾಗಿನ್ ತೆಗೆದುಹಾಕುವ ಕಂಪನಿಗಳಿವೆ. ಹಾಗಂತ ಆಫೀಸಿನ ಇಮೇಲ್‌ಗಳನ್ನೆಲ್ಲ ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದು, ಪೆನ್‌ಡ್ರೈವಿಗೆ ತುಂಬಿಕೊಳ್ಳುವುದು ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಅನುಮತಿ ಇಲ್ಲದೆ ಕಂಪನಿಯ ಕಂಪ್ಯೂಟರಿನಿಂದ ಡೇಟಾ ನಕಲು ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂಗೆ ಬರುತ್ತದೆ. ನೇಮಕಾತಿ ಪತ್ರದಲ್ಲೂ ಗೌಪ್ಯತೆಯ ಷರತ್ತು ಇರುತ್ತದೆ. ಗ್ರಾಹಕರ ಹೆಸರಿರುವ ಒಂದು ಫೈಲು ನಿಮ್ಮ ಸ್ವಂತ ಮೇಲ್‌ನಲ್ಲಿ ಸಿಕ್ಕಿದರೂ ಸಾಕು, ಕಿರುಕುಳದ ವಿಷಯ ಬದಿಗೆ ಸರಿದು ನಿಮ್ಮ ಮೇಲೇ ವಿಚಾರಣೆ ಶುರುವಾಗುತ್ತದೆ. ಕಂಪನಿಯಲ್ಲಿದ್ದಾಗ ಮೇಲಿನವರು ಇದನ್ನೇ ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ.

ಇಟ್ಟುಕೊಳ್ಳಬೇಕಾದ್ದು ನಿಮ್ಮ ಹೆಸರಿಗೆ ಬಂದ ಸೇವಾ ಕಾಗದಗಳು: ನೇಮಕಾತಿ, ಬಡ್ತಿ, ಸಂಬಳ ಹೆಚ್ಚಳದ ಪತ್ರ, ಪೇ ಸ್ಲಿಪ್, ಮೆಮೊ, ಅಪ್ರೈಸಲ್. ಉಳಿದ ಇಮೇಲ್‌ಗಳ ನಕಲು ಬೇಡ, ಅವುಗಳ ಗುರುತು ಸಾಕು. ಒಂದು ನೋಟ್‌ಬುಕ್ ಇಟ್ಟುಕೊಂಡು ಕೈಯಲ್ಲೇ ಬರೆಯಿರಿ. ದಿನಾಂಕ, ಸಮಯ, ಯಾರಿಂದ ಯಾರಿಗೆ, ವಿಷಯದ ಸಾಲಿನಲ್ಲಿ ಏನಿತ್ತು, ಯಾರ್ಯಾರಿಗೆ ಪ್ರತಿ ಹೋಗಿತ್ತು. ಮುಂದೆ ಕಂಪನಿಗೆ ಪತ್ರ ಬರೆಯುವಾಗ, ಕೋರ್ಟಿನಲ್ಲಿ ಅರ್ಜಿ ಹಾಕುವಾಗ ಈ ಗುರುತು ಹಿಡಿದೇ ಇಮೇಲ್ ತರಿಸುವುದು. ಗುರುತು ಸರಿಯಿದ್ದರೆ 'ಅಂಥ ಇಮೇಲ್ ಇಲ್ಲ' ಎನ್ನುವುದು ಅವರಿಗೆ ಕಷ್ಟ.

ನಿಮ್ಮ ಸ್ವಂತ ಫೋನಿಗೆ ಬಂದ ವಾಟ್ಸಾಪ್ ಸಂದೇಶ, ಧ್ವನಿ ಸಂದೇಶ ಇದ್ದರೆ ಸ್ಕ್ರೀನ್‌ಶಾಟ್ ತೆಗೆದುಕೊಂಡೆ, ಮುಗೀತು ಅಂದುಕೊಳ್ಳಬೇಡಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಪ್ರಿಂಟನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಸಾಧನ ಕೈಯಲ್ಲಿದ್ದರೆ ಆ ಕೆಲಸ ಸಲೀಸು.

ಪತ್ರ ಹೀಗಿರಲಿ

ಒಂದು ಮಾದರಿ ಕೊಡುತ್ತೇನೆ. ಭಾಷೆ ಇದಕ್ಕಿಂತ ಬಿಸಿಯಾಗದಿರಲಿ.

'ಮಾನ್ಯರೇ, ನಾನು ತಮ್ಮ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನೌಕರರ ಸಂಖ್ಯೆ ಇಂಥದ್ದು. ದಿನಾಂಕ ಇಂಥದ್ದರಂದು ನಾನು ಕೊಟ್ಟ ದೂರಿಗೆ ಸಂಬಂಧಿಸಿ ಕೆಳಗಿನ ದಾಖಲೆಗಳ ನಕಲು ನನಗೆ ಬೇಕಾಗಿದೆ.
1. ನನ್ನ ದೂರು ತಲುಪಿದ ದಿನಾಂಕ ಮತ್ತು ಅದನ್ನು ವಿಚಾರಣೆಗೆ ವಹಿಸಿದ ಆದೇಶ.
2. ವಿಚಾರಣೆಯಲ್ಲಿ ನಾನು ಕೊಟ್ಟ ಹೇಳಿಕೆಯ ಪ್ರತಿ.
3. ವಿಚಾರಣಾ ವರದಿ, ಅನುಬಂಧಗಳ ಸಮೇತ.
4. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ವಿಭಾಗದ ಡ್ಯೂಟಿ ಚಾರ್ಟ್.
5. ದೂರು ನಿವಾರಣಾ ನೀತಿಯ ಈಗ ಜಾರಿಯಲ್ಲಿರುವ ಪ್ರತಿ.
ಇವುಗಳಲ್ಲಿ ಯಾವುದನ್ನಾದರೂ ಕೊಡಲು ಆಗದಿದ್ದರೆ ಯಾವುದು, ಯಾವ ಕಾರಣಕ್ಕೆ ಎಂದು ಬರಹದಲ್ಲಿ ತಿಳಿಸಬೇಕು. ಬೇರೆ ನೌಕರರ ಖಾಸಗಿ ವಿವರ ಇದ್ದರೆ ಅಷ್ಟನ್ನು ಮಸಿ ಹಾಕಿ ಕೊಡಬಹುದು. ಈ ದಾಖಲೆಗಳನ್ನು ಮತ್ತು ಸಂಬಂಧಿಸಿದ ಇಮೇಲ್, ಚಾಟ್, ಸಿಸಿಟಿವಿ ದೃಶ್ಯಗಳನ್ನು ತಕರಾರು ಮುಗಿಯುವವರೆಗೆ ನಾಶಮಾಡದೆ ಇಡಬೇಕಾಗಿ ಕೋರುತ್ತೇನೆ. ಹದಿನೈದು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ.'

ಇಷ್ಟೇ. ಅವರು ಎಷ್ಟು ನೋಯಿಸಿದರು ಅಂತ ಇದರಲ್ಲಿ ಬರೆಯಬೇಡಿ. ಆ ನೋವಿಗೆ ದೂರಿನ ಪತ್ರದಲ್ಲಿ ಜಾಗ ಇದೆ, ಅಲ್ಲಿ ಪೂರ್ತಿ ಬರೆಯಿರಿ. ಇಲ್ಲಿ ಬರೆದರೆ ಉತ್ತರ ಕೊಡುವವರು ಅದನ್ನು ಹಿಡಿದು ಅಲ್ಲಗಳೆಯುತ್ತಾರೆ, ಐದು ಕಾಗದದ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ.

ಹದಿನೈದು ದಿನ ಅನ್ನುವುದು ಖಾಸಗಿ ಕಂಪನಿಯ ಮೇಲೆ ಕಾನೂನು ಹಾಕಿದ ಗಡುವಲ್ಲ, ನೀವು ಕೇಳುವ ಅವಧಿ. ಆದರೂ ಹಾಕಿ. ಮುಂದಿನ ಹೆಜ್ಜೆ ಯಾವಾಗ ಅಂತ ನಿಮಗೇ ಒಂದು ದಿನಾಂಕ ಸಿಗುತ್ತದೆ. ಇಮೇಲ್‌ನಲ್ಲಿ ಕಳಿಸಿ, ಜೊತೆಗೆ ಅದೇ ಪತ್ರವನ್ನು ಸಹಿ ಮಾಡಿ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ರಸೀದಿ, ತಲುಪಿದ ದಿನಾಂಕ ತೋರಿಸುವ ಪುಟ ಎರಡನ್ನೂ ಪ್ರಿಂಟ್ ತೆಗೆದು ನಿಮ್ಮ ಪ್ರತಿಗೆ ಪಿನ್ ಮಾಡಿ. ಕೈಯಾರೆ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಕೆಲಸ ಬಿಡುತ್ತಿರುವವರಿಗೆ ಒಂದು ಮಾತು. ಲೆಕ್ಕ ಚುಕ್ತಾ ಮಾಡುವ ದಿನ 'ಕಂಪನಿಯ ಮೇಲೆ ಯಾವ ಬಾಕಿಯೂ ತಕರಾರೂ ಇಲ್ಲ' ಅನ್ನುವ ಹಾಳೆಗೆ ಸಹಿ ಕೇಳುತ್ತಾರೆ. ಕಾಗದ ಕೇಳುವ ಪತ್ರ ಅದಕ್ಕಿಂತ ಮುಂಚಿನ ತಾರೀಖಿನಲ್ಲಿ ತಲುಪಿರಲಿ. ಆ ಹಾಳೆಯ ಮೇಲೆ 'ನನ್ನ ಇಂಥ ದಿನಾಂಕದ ಪತ್ರಕ್ಕೆ ಒಳಪಟ್ಟು' ಎಂದು ಕೈಯಲ್ಲಿ ಬರೆದು ಸಹಿ ಹಾಕಿ. ಒಪ್ಪದಿದ್ದರೆ ಅಲ್ಲೇ ಸಹಿ ಮಾಡದೆ ವಕೀಲರನ್ನು ಕೇಳಿ.

ಬರುವ ಉತ್ತರಗಳು

'ಗೌಪ್ಯ' ಅನ್ನುವುದು ಮೊದಲನೆಯದು. ಆಗ ತಿರುಗಿ ಜಗಳ ಆಡಬೇಡಿ. 'ನನ್ನದೇ ಹೇಳಿಕೆಯ ಪ್ರತಿ ನನಗೆ ಗೌಪ್ಯ ಹೇಗಾಗುತ್ತದೆ? ವರದಿಯಲ್ಲಿ ಸಾಕ್ಷಿಗಳ ಹೆಸರು ಮುಚ್ಚಿ ಕೊಡಿ' ಎಂದು ಬಿಡಿಬಿಡಿಯಾಗಿ ಮತ್ತೆ ಕೇಳಿ. ಐದರಲ್ಲಿ ಎರಡಾದರೂ ಆಗ ಬರುತ್ತವೆ. 'ಅಂಥ ದಾಖಲೆ ನಮ್ಮಲ್ಲಿಲ್ಲ' ಅನ್ನುವುದು ಎರಡನೆಯದು. ಇದು ನಿಮಗೆ ಸೋಲಲ್ಲ. ತನಿಖೆ ನಡೆಸಿದೆವು ಅಂತ ಮೊದಲು ಹೇಳಿದ್ದ ಕಂಪನಿ ಈಗ ವರದಿಯೇ ಇಲ್ಲ ಅಂದರೆ ಆ ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಮೂರನೆಯದು ಮೌನ. ಹೆಚ್ಚಾಗಿ ಬರುವುದು ಇದೇ. ಗಡುವು ಮುಗಿದ ಮರುದಿನ ಎರಡು ಸಾಲಿನ ನೆನಪೋಲೆ ಕಳಿಸಿ. ಬೇಕಾದ ಸಾಕ್ಷ್ಯ ತನ್ನ ಕೈಯಲ್ಲಿದ್ದೂ ಒಬ್ಬರು ಹಾಜರುಪಡಿಸದಿದ್ದರೆ, ಅದು ಅವರಿಗೆ ವಿರುದ್ಧವಾಗಿ ಇರುತ್ತಿತ್ತು ಎಂದು ಕೋರ್ಟು ಊಹಿಸಬಹುದು. ಮೊದಲು 1872ರ ಸಾಕ್ಷ್ಯ ಕಾಯ್ದೆಯ 114ನೇ ಕಲಂನಲ್ಲಿದ್ದ ಈ ಮಾತು ಈಗ 2023ರ ಅಧಿನಿಯಮದ 119ನೇ ಕಲಂನಲ್ಲಿದೆ. ಆ ಊಹೆ ನಿಮ್ಮ ಪರ ಬರಬೇಕಾದರೆ ನೀವು ಸರಿಯಾಗಿ ಹೆಸರಿಸಿ ಕೇಳಿದ್ದಿರಿ, ಅವರು ಕೊಡಲಿಲ್ಲ ಅನ್ನುವುದು ಕಾಗದದಲ್ಲಿ ಇರಬೇಕು. ಸಹಿ ಮಾಡಿದ 'ಇಲ್ಲ' ಕೆಲಸಕ್ಕೆ ಬರುತ್ತದೆ ಅಂದದ್ದು ಇದಕ್ಕೇ.

ಸರ್ಕಾರಿ ನೌಕರರಿಗೆ ಮಾಹಿತಿ ಹಕ್ಕು

ಸರ್ಕಾರಿ ಇಲಾಖೆ, ನಿಗಮ, ಸರ್ಕಾರಿ ಬ್ಯಾಂಕು, ವಿಶ್ವವಿದ್ಯಾಲಯ, ಸರ್ಕಾರಿ ಆಸ್ಪತ್ರೆ ಇವುಗಳಲ್ಲಿ ಕೆಲಸ ಮಾಡುವವರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಖಾಸಗಿಯವರಿಗಿಲ್ಲದ ದೊಡ್ಡ ಅನುಕೂಲ ಇದು. ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಬೇಕು ಅಂತ ಹೇಳಬೇಕಿಲ್ಲ, 6ನೇ ಕಲಂನಲ್ಲೇ ಹಾಗಿದೆ. ಉತ್ತರ 30 ದಿನದಲ್ಲಿ ಬರಬೇಕು. ಬರದಿದ್ದರೆ, ಅಥವಾ ಸರಿಯಿಲ್ಲದಿದ್ದರೆ, 30 ದಿನದಲ್ಲಿ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದಲ್ಲಿ ಮಾಹಿತಿ ಆಯೋಗಕ್ಕೆ ಎರಡನೆಯದು. ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಅರ್ಜಿ ಹಾಕುವವರು ಒಂದು ನಿಯಮ ನೆನಪಿಡಬೇಕು. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದ ಕಚೇರಿಗಳಿಗೆ 500 ಪದ. ಹಾಗಾಗಿ ಡ್ಯೂಟಿ ಚಾರ್ಟಿಗೆ ಒಂದು ಅರ್ಜಿ, ವರ್ಗಾವಣೆ ಕಡತಕ್ಕೆ ಇನ್ನೊಂದು, ದೂರಿನ ಕಡತಕ್ಕೆ ಮತ್ತೊಂದು ಹಾಕಿ. ಎಲ್ಲ ಒಂದರಲ್ಲೇ ತುಂಬಿದರೆ 'ಒಂದಕ್ಕಿಂತ ಹೆಚ್ಚು ವಿಷಯ' ಅಂತ ಹಿಂಬರಹ ಬರುತ್ತದೆ, ಒಂದು ತಿಂಗಳು ಹೋಗುತ್ತದೆ.

ಇಲ್ಲಿ ಪ್ರಶ್ನೆ ಕೇಳಬಾರದು, ಕಾಗದ ಕೇಳಬೇಕು. 'ನನ್ನನ್ನು ಯಾಕೆ ವರ್ಗಾಯಿಸಿದಿರಿ?' ಅಂದರೆ ಅಧಿಕಾರಿ ಉತ್ತರಿಸಬೇಕಿಲ್ಲ. ಕಚೇರಿಯಲ್ಲಿ ಇರುವ ದಾಖಲೆ ಕೊಡುವುದಷ್ಟೇ ಕೆಲಸ, ಹೊಸದಾಗಿ ಕಾರಣ ಬರೆದುಕೊಡುವುದಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. 'ನನ್ನ ವರ್ಗಾವಣೆ ಆದೇಶ ಹೊರಟ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು' ಎಂದು ಕೇಳಿ. ಕಾರಣ ಇರುವುದು ಆ ಹಾಳೆಯಲ್ಲೇ.

ಒಬ್ಬ ಶುಶ್ರೂಷಕಿಯ ಅರ್ಜಿಗೆ ನಾನೇ ಕೂತು ಪದ ಎಣಿಸಿದ್ದು ನೆನಪಿದೆ. ಮೇಲ್ವಿಚಾರಕಿ ಬೇಕಂತಲೇ ತನಗೆ ರಾತ್ರಿ ಪಾಳಿ ಹಾಕುತ್ತಾರೆ ಅನ್ನುವುದು ಅವರ ದೂರು. ಅವರು ಬರೆದು ತಂದ ಅರ್ಜಿಯಲ್ಲಿ ಆ ಮೇಲ್ವಿಚಾರಕಿಯ ಮೇಲೆ ಹಿಂದೆ ಬಂದ ದೂರುಗಳು, ಅವರಿಗೆ ಕೊಟ್ಟ ನೋಟಿಸ್, ಎಲ್ಲ ಕೇಳಿದ್ದರು. ಅದು ಸಿಗುವುದಿಲ್ಲ ಎಂದೆ. ಇನ್ನೊಬ್ಬ ನೌಕರರಿಗೆ ಕೊಟ್ಟ ಮೆಮೊ, ನೋಟಿಸ್ ಅವರ ಖಾಸಗಿ ಮಾಹಿತಿ ಎಂದು ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ 2012ರಲ್ಲೇ ತೀರ್ಪಾಗಿದೆ. ಖಾಸಗಿ ಮಾಹಿತಿ ಕೊಡಬೇಕಿಲ್ಲ ಎನ್ನುವ ಮಾಹಿತಿ ಹಕ್ಕು ಕಾಯ್ದೆಯ ಕಲಂ ಅನ್ನು 2023ರ ಡೇಟಾ ಕಾಯ್ದೆ ಇನ್ನಷ್ಟು ಬಿಗಿ ಮಾಡಿದೆ. ಅದೆಲ್ಲ ಹೊಡೆದುಹಾಕಿ ವಾರ್ಡಿನ ಡ್ಯೂಟಿ ಚಾರ್ಟ್ ಮಾತ್ರ ಉಳಿಸಿದೆವು. ಚಾರ್ಟ್ ಬಂತು. ಹೆಸರಿನ ಮುಂದೆ ರಾತ್ರಿ ಪಾಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆವು. ಅವರೊಬ್ಬರ ಸಾಲು ಮಾತ್ರ ಉದ್ದಕ್ಕೂ ಕೆಂಪಾಗಿತ್ತು. ಯಾರ ವೈಯಕ್ತಿಕ ಕಡತವೂ ಬೇಕಾಗಲಿಲ್ಲ.

ಗೌಪ್ಯ ವರದಿ ಅಂದರೆ ವಾರ್ಷಿಕ ಕಾರ್ಯನಿರ್ವಹಣಾ ವರದಿಯ ವಿಷಯಕ್ಕೆ ಮಾಹಿತಿ ಹಕ್ಕಿನವರೆಗೂ ಹೋಗಬೇಕಿಲ್ಲ. ಅದರಲ್ಲಿರುವ ಪ್ರತಿಯೊಂದು ಷರಾವನ್ನೂ ನೌಕರರಿಗೆ ತಿಳಿಸಲೇಬೇಕು ಎಂದು 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಉಲ್ಲೇಖಿಸಿ ನೇರವಾಗಿ ಕೇಳಿ. 'ತನಿಖೆ ನಡೆಯುತ್ತಿದೆ, ಕೊಡಲಾಗದು' ಅಂದರೆ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಅಂತ ಮೇಲ್ಮನವಿಯಲ್ಲಿ ಕೇಳಿ. ಅದನ್ನು ಸಾಬೀತು ಮಾಡುವ ಹೊರೆ ಅಧಿಕಾರಿಯದ್ದು.

ವಿಚಾರಣೆ ನಿಮ್ಮ ಮೇಲೇ ಬಂದರೆ

ದೂರು ಕೊಟ್ಟವರ ಮೇಲೇ ಆರೋಪಪಟ್ಟಿ ಬರುವುದು ಹೊಸದೇನಲ್ಲ. ಹೆದರಬೇಡಿ. ಕಾಗದದ ದೃಷ್ಟಿಯಿಂದ ಇದು ನಿಮ್ಮ ಹಕ್ಕು ಗಟ್ಟಿಯಾಗುವ ಹಂತ. ಯಾವ ದಾಖಲೆ ನಂಬಿ ಆರೋಪ ಮಾಡಿದ್ದಾರೋ ಅದರ ನಕಲು ಕೊಡದೆ ಶಿಕ್ಷೆ ಕೊಟ್ಟರೆ ವಿಚಾರಣೆಯೇ ಕೆಡುತ್ತದೆ ಎಂದು ಕಾಶಿನಾಥ ದೀಕ್ಷಿತ ಪ್ರಕರಣದಲ್ಲಿ 1986ರಲ್ಲಿ ತೀರ್ಪಾಗಿದೆ. ವಿಚಾರಣಾಧಿಕಾರಿಯ ವರದಿಯನ್ನು ಶಿಕ್ಷೆಗೆ ಮೊದಲೇ ನೌಕರರಿಗೆ ಕೊಡಬೇಕು ಎಂದು 1993ರ ಕರುಣಾಕರ್ ಪ್ರಕರಣ ಹೇಳುತ್ತದೆ, ಅದು ಸರ್ಕಾರಿ ನೌಕರರಿಗಷ್ಟೇ ಸೀಮಿತವಲ್ಲ. ಆರೋಪಪಟ್ಟಿಗೆ ಉತ್ತರ ಕೊಡುವ ಮೊದಲೇ ದಾಖಲೆಗಳ ಪಟ್ಟಿ ಹಾಕಿ ಕೇಳಿ. ಅವು ಬರುವವರೆಗೆ ಉತ್ತರಕ್ಕೆ ಕಾಲಾವಕಾಶ ಬೇಕು ಅಂತ ಅದೇ ಪತ್ರದಲ್ಲಿ ಬರೆಯಿರಿ.

ಲೈಂಗಿಕ ಕಿರುಕುಳದ 2013ರ ಕಾಯ್ದೆಯಡಿ ಕಂಪನಿಯೊಳಗಿನ ಆಂತರಿಕ ಸಮಿತಿಗೆ ದೂರು ಕೊಟ್ಟ ಮಹಿಳೆಯರಿಗೆ ಇನ್ನೂ ನೇರ ದಾರಿ ಇದೆ. ಸಿವಿಲ್ ಕೋರ್ಟಿನಂತೆ ದಾಖಲೆ ತರಿಸುವ ಅಧಿಕಾರ ಆ ಸಮಿತಿಗಿದೆ. ನೀವು ಕಂಪನಿಯನ್ನು ಬೇಡಬೇಕಿಲ್ಲ. 'ಇಂಥ ದಿನದ ಕ್ಯಾಮೆರಾ ದೃಶ್ಯ, ಇಂಥ ಚಾಟ್ ದಾಖಲೆ ತರಿಸಿ' ಎಂದು ಸಮಿತಿಗೆ ಅರ್ಜಿ ಕೊಡಿ. ಎದುರಾಳಿಯ ಉತ್ತರದ ಪ್ರತಿ, ಸಮಿತಿಯ ತೀರ್ಮಾನದ ಪ್ರತಿ ಕೇಳಿ ಪಡೆಯಿರಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಮುಗಿದ 10 ದಿನದಲ್ಲಿ ವರದಿ ಎರಡೂ ಕಡೆಯವರಿಗೆ ಸಿಗಬೇಕು. ಮೇಲ್ಮನವಿಗೆ 90 ದಿನ. ದೂರು ಕೊಡಲು ಘಟನೆ ನಡೆದು 3 ತಿಂಗಳು, ಕಾರಣ ಇದ್ದರೆ ಇನ್ನೂ 3 ತಿಂಗಳು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಈ ಪ್ರಕರಣದ ವಿವರಗಳನ್ನು ಬಹಿರಂಗ ಮಾಡಬಾರದು ಎಂದು ಕಾಯ್ದೆಯ 16ನೇ ಕಲಂ ಹೇಳುತ್ತದೆ. ಸಿಕ್ಕ ವರದಿಯನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಖಾಸಗಿ ಕಂಪನಿ ಮಣಿಯದಿದ್ದರೆ

20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇದನ್ನು ಹೇಳುತ್ತದೆ. ಒಂದು ವರ್ಷದೊಳಗೆ ಅರ್ಜಿ, 30 ದಿನದಲ್ಲಿ ತೀರ್ಮಾನ. ಸಮಿತಿ ಏನೂ ಮಾಡದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಬಳಿ ಹೋಗಬಹುದು. ನೀವು ಕಾನೂನಿನ ಅರ್ಥದಲ್ಲಿ 'ಕಾರ್ಮಿಕ' ಹೌದೋ ಅಲ್ಲವೋ ಅನ್ನುವುದು ಮ್ಯಾನೇಜರ್ ಹುದ್ದೆಯವರಿಗೆ ತೊಡಕಾಗುತ್ತದೆ. ಹುದ್ದೆಯ ಹೆಸರು ನೋಡಿ ನೀವೇ ತೀರ್ಮಾನಿಸಿ ಹಿಂದೆ ಸರಿಯಬೇಡಿ. ದಿನನಿತ್ಯ ನಿಜವಾಗಿ ಏನು ಕೆಲಸ ಮಾಡುತ್ತೀರಿ ಅನ್ನುವುದನ್ನು ವಕೀಲರಿಗೆ ತೋರಿಸಿ.

ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ಅನ್ವಯಿಸುವುದಿಲ್ಲ. ಆದರೆ ಕಂಪನಿ ಸರ್ಕಾರಕ್ಕೆ ಕೊಟ್ಟ ಕಾಗದ ಸರ್ಕಾರದ ಬಳಿ ಇರುತ್ತದಲ್ಲ! ಕಾರ್ಮಿಕ ಇಲಾಖೆಗೆ ಸಲ್ಲಿಸಿದ ವರದಿ, ತಪಾಸಣಾ ಟಿಪ್ಪಣಿ, ನಿಮ್ಮ ದೂರಿಗೆ ಇಲಾಖೆಯ ನೋಟಿಸ್ ಹೋದಾಗ ಕಂಪನಿ ಕೊಟ್ಟ ಉತ್ತರ, ಇವನ್ನು ಇಲಾಖೆಯಿಂದ ಕೇಳಬಹುದು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರಹದಲ್ಲಿ ಇಡಬೇಕು ಎನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗ, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತು ಹಾಕಲಾಗಿತ್ತು. ನಿಮ್ಮನ್ನು ತೆಗೆದದ್ದನ್ನು ಏನು ಕಾರಣ ಕೊಟ್ಟು ತಿಳಿಸಿದ್ದರು, ತಿಳಿಸಿದ್ದರೋ ಇಲ್ಲವೋ ಎಂದು ಕೇಳುವುದಕ್ಕೆ ಇದೊಂದು ದಾರಿ. ನಿಮಗೆ ಹೇಳಿದ ಕಾರಣ ಒಂದು, ಇಲಾಖೆಗೆ ಬರೆದ ಕಾರಣ ಇನ್ನೊಂದು ಆಗಿದ್ದರೆ ಅದೇ ದೊಡ್ಡ ಸಾಕ್ಷ್ಯ.

ಪ್ರಕರಣ ಕಾರ್ಮಿಕ ನ್ಯಾಯಮಂಡಳಿಗೋ ಸಿವಿಲ್ ಕೋರ್ಟಿಗೋ ಹೋದ ಮೇಲೆ ದಾಖಲೆ ಹಾಜರುಪಡಿಸುವಂತೆ ಅರ್ಜಿ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶ ಅದಕ್ಕೇ ಇರುವುದು. ಅಲ್ಲೂ 'ಎಲ್ಲ ದಾಖಲೆ' ಅಂದರೆ ಅರ್ಜಿ ಬಿದ್ದುಹೋಗುತ್ತದೆ. ಯಾವ ಕಾಗದ, ಅದು ಕಂಪನಿ ಬಳಿ ಇದೆ ಅಂತ ಹೇಗೆ ಗೊತ್ತು, ವಿವಾದದ ಯಾವ ಅಂಶಕ್ಕೆ ಬೇಕು, ಈ ಮೂರಕ್ಕೆ ಉತ್ತರ ಇರಬೇಕು. ಮೊದಲು ಬರೆದಿಟ್ಟ ನೋಟ್‌ಬುಕ್ಕು, ಕಳಿಸಿದ ಪತ್ರ, ಬಂದ ಉತ್ತರ, ಎಲ್ಲ ಈಗ ಒಟ್ಟಿಗೆ ಬೇಕಾಗುತ್ತವೆ. ವಕೀಲರ ಖರ್ಚು ಭರಿಸಲು ಆಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಕಾಗದ ಬಂದ ದಿನ

ಕಟ್ಟು ಬಂದ ದಿನ ಮೊದಲು ಒಳಗಿನ ವಿಷಯ ಓದಬೇಡಿ, ಕಷ್ಟ ಗೊತ್ತು, ಆದರೂ. ಮೊದಲು ಪುಟಗಳ ಸಂಖ್ಯೆ ನೋಡಿ. ಒಂಬತ್ತರ ನಂತರ ಹನ್ನೆರಡು ಬಂದಿದೆಯಾ? ವರದಿಯಲ್ಲಿ 'ಅನುಬಂಧ 4 ನೋಡಿ' ಎಂದಿದೆ, ಅನುಬಂಧ ಮೂರಕ್ಕೇ ನಿಂತಿದೆಯಾ? ಇಮೇಲ್‌ನಲ್ಲಿ 'ಲಗತ್ತಿಸಿದೆ' ಎಂದಿದ್ದು ಲಗತ್ತು ಇಲ್ಲವಾ? ಬಿಟ್ಟುಹೋದ ಪುಟಗಳನ್ನು ಅದೇ ವಾರ ಹೆಸರು ಹಿಡಿದು ಕೇಳಿ. ಕಟ್ಟಿನ ಮುಖಪುಟದ ಮೇಲೆ ಸಿಕ್ಕಿದ ದಿನಾಂಕ, ಒಟ್ಟು ಪುಟ ಬರೆದಿಡಿ, ಲಕೋಟೆ ಎಸೆಯಬೇಡಿ. ಮೂಲ ಕಟ್ಟಿನ ಮೇಲೆ ಗೆರೆ ಎಳೆಯದೆ ಜೆರಾಕ್ಸ್ ಮೇಲೆ ಗುರುತು ಹಾಕಿ.

ಆಮೇಲೆ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ, ನಿಮ್ಮ ದೂರಿನ ದಿನಾಂಕ ಎಲ್ಲಿ ಬರುತ್ತದೋ ಅಲ್ಲಿ ಒಂದು ಖಾಲಿ ಹಾಳೆ ಇಡಿ. ನಿಮ್ಮ ಕೆಲಸದ ಬಗ್ಗೆ ದೂರಿಗೆ ಮುಂಚಿನ ಮೆಮೊ ಎಷ್ಟಿವೆ, ದೂರಿನ ನಂತರದವು ಎಷ್ಟಿವೆ ನೋಡಿ. ಮ್ಯಾನೇಜರ್ ಹೇಳಿಕೆಯಲ್ಲಿ 'ಹಲವು ಬಾರಿ ಎಚ್ಚರಿಸಿದ್ದೆ' ಎಂದಿದ್ದರೆ ಆ ಎಚ್ಚರಿಕೆಗಳ ಕಾಗದ ದೂರಿಗೆ ಮುಂಚಿನ ಭಾಗದಲ್ಲಿ ಇರಬೇಕು. ಇಲ್ಲದಿದ್ದರೆ ವಕೀಲರ ಮುಂದೆ ಮೊದಲು ಇಡಬೇಕಾದ್ದು ಅದನ್ನೇ, ಆ ವಾಕ್ಯ ಇರುವ ಪುಟಕ್ಕೆ ಚೀಟಿ ಅಂಟಿಸಿಕೊಂಡು ಹೋಗಿ.